ಬಾಗಿಲು ಪೂರ್ತಿ ತೆಗೆಯುವಷ್ಟು ಜಾಗ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿ ಕೇಳಿದ: "ಅಲ್ಲ ಕಣೋ, ನಿಮ್ಮ ಕಡೆ ಅಂಗವಿಕಲರ ಗಾಡಿಗೆ ಬೇರೆ ನಂಬರ್ ಪ್ಲೇಟ್ ಕೊಡಲ್ವಾ? ಪಾರ್ಕಿಂಗ್ ಕಾರ್ಡೂ ಇಲ್ವಾ? ಅದ್ಹೇಗೆ ಓಡಾಡ್ತೀಯ? ಇನ್ನೂ ಆ ಕಾಡಂಚಿನಲ್ಲೇ ಕೂತಿದ್ದೀಯಲ್ಲ, ಮೈಸೂರಿಗಾದರೂ ಬಂದುಬಿಡಬಾರದಾ?"

ಕಾಳಜಿಯಿಂದಲೇ ಕೇಳಿದ್ದು, ಗೊತ್ತು. ಆದರೂ ಚುಚ್ಚಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೇ ಕೇಳುವವರು ಇನ್ನೂ ಇದ್ದಾರೆ, ಅವರೂ ಓದಲಿ.

ಮೊದಲು ಊರಿನ ವಿಷಯ. ಮೈಸೂರು ಗಡಿ ಜಿಲ್ಲೆ ಅಂತ ಮೈಸೂರಿನವರಿಗೇ ನೆನಪಿರುವುದಿಲ್ಲ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದ ಮೇಲೆ ಗಡಿ ಅಂದರೆ ಎಲ್ಲರಿಗೂ ಗುಂಡ್ಲುಪೇಟೆ ಕಡೆಯೇ ಕಣ್ಣಿಗೆ ಬರುತ್ತದೆ. ನಮ್ಮ ಹೆಗ್ಗಡದೇವನಕೋಟೆ ಕಡೆಯಿಂದ ಅಂತರಸಂತೆ, ದಮ್ಮನಕಟ್ಟೆ, ಬಳ್ಳೆ ದಾಟಿ ಬಾವಲಿಗೆ ಹೋದರೆ ಅಲ್ಲಿಗೆ ಕರ್ನಾಟಕ ಮುಗಿಯಿತು. ಆಚೆ ಕೇರಳದ ವಯನಾಡು. ಶುಂಠಿ ಹಾಕೋಕೆ ಮಲಯಾಳಿಗಳು ನಮ್ಮ ಹೊಲ ಗುತ್ತಿಗೆಗೆ ಹಿಡಿಯುತ್ತಾರೆ. ನಮ್ಮವರು ಕಾಫಿ, ಮೆಣಸಿನ ಕೆಲಸಕ್ಕೆ ಅಲ್ಲಿಗೆ ಹೋಗುತ್ತಾರೆ. ನನ್ನದು ಹ್ಯಾಂಡ್‌ಪೋಸ್ಟ್‌ನಲ್ಲಿ ಪೈಪು, ಗೊಬ್ಬರದ ಅಂಗಡಿ. ಗಿರಾಕಿಗಳಲ್ಲಿ ಅರ್ಧ ಜನ ಆಚೆಯವರು. ಬಾಕಿ ವಸೂಲಿಗೆ ವಯನಾಡಿನ ಮಾನಂತವಾಡಿಗೆ, ಮಾಲು ತರಲು, ಬ್ಯಾಂಕಿಗೆ, ಆಸ್ಪತ್ರೆಗೆ ಮೈಸೂರಿಗೆ. ಎರಡೂ ಕಡೆ ನಾನೇ ಗಾಡಿ ಓಡಿಸಿಕೊಂಡು ಹೋಗುತ್ತೇನೆ.

ಎರಡೂ ಕಾಲಿಗೆ ಪೋಲಿಯೊ, ನಿನಗೆ ಗೊತ್ತೇ ಇದೆ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆಯಾಯಿತು. ಆಮೇಲೆ ನಮ್ಮಂಥವರೇ ಇಲ್ಲ ಅಂದುಕೊಂಡಿದ್ದಾರೆ ಜನ. ಅದಕ್ಕೂ ಮುಂಚೆ ಹುಟ್ಟಿದ ನಾವು ಇನ್ನೂ ದುಡಿಯುವ ವಯಸ್ಸಿನಲ್ಲೇ ಇದ್ದೇವೆ. ಕಾರಿಗೆ ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ಹಾಕಿಸಿದ್ದೇನೆ. ಆರ್‌ಸಿಯಲ್ಲಿ ಅದು ದಾಖಲಾಗಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇಲ್ಲ, ನಮಗೆ ಬೇರೆ ನಂಬರ್ ಪ್ಲೇಟ್ ಇಲ್ಲ. ಸ್ವಂತ ಗಾಡಿಗೆ ಬಿಳಿ, ಬಾಡಿಗೆಗೆ ಹಳದಿ, ಕರೆಂಟಿನ ಗಾಡಿಗೆ ಹಸಿರು. ಪದೇ ಪದೇ ರಾಜ್ಯ ಬದಲಿಸುವ ನೌಕರರಿಗೆ 2021ರಿಂದ ಬಿಎಚ್ ಸರಣಿಯೂ ಬಂತು. ವರ್ಗಾವಣೆಯ ತೊಂದರೆ ಕಂಡವರಿಗೆ ನಮ್ಮ ತೊಂದರೆ ಕಾಣಲಿಲ್ಲ. ದೇಶಕ್ಕೆಲ್ಲಾ ನಡೆಯುವ ಪಾರ್ಕಿಂಗ್ ಪರ್ಮಿಟ್ ಕೂಡ ಇಲ್ಲ. ಗಾಲಿಕುರ್ಚಿಯ ಗುರುತಿನ ಒಂದು ನೀಲಿ ಸ್ಟಿಕ್ಕರ್ ಹಚ್ಚಿಕೊಂಡಿರುತ್ತೇವೆ, ಅಷ್ಟೆ. ಅದು ಯಾವ ಸ್ಟಿಕ್ಕರ್ ಅಂಗಡಿಯಲ್ಲಾದರೂ ಸಿಗುತ್ತದೆ. ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿಯೇ ಅದಕ್ಕೆ ಬೆಲೆ ಇಲ್ಲ.

ಹಾಗಂತ ಸರ್ಕಾರಕ್ಕೆ ನನ್ನ ಗಾಡಿ ಗೊತ್ತಿಲ್ಲ ಅಂತ ಅಲ್ಲ. ಗಾಡಿ ನೋಂದಣಿಯ 20ನೇ ನಮೂನೆಗೆ 2020ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ತಂದರು. ಮಾಲೀಕ ದಿವ್ಯಾಂಗನಾ, ಜಿಎಸ್‌ಟಿ ರಿಯಾಯಿತಿ ತಗೊಂಡಿದ್ದಾನಾ ಇಲ್ಲವಾ ಅಂತ ಅಲ್ಲೇ ಬರೆಯಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ ನಮ್ಮ ಅನುಕೂಲಕ್ಕೆ ಮಾರ್ಪಾಡು ಮಾಡಿಸಿದ ಗಾಡಿಗೂ ಕಾಯ್ದೆಯಲ್ಲೇ ಜಾಗ ಸಿಕ್ಕಿತು. ಅಂದರೆ ಕಂಪ್ಯೂಟರಿಗೆ ನಾನು ಯಾರು ಅಂತ ಗೊತ್ತು. ಪಾರ್ಕಿಂಗ್‌ನಲ್ಲಿ ಸೀಟಿ ಊದುವ ಹುಡುಗನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಾಗುವ ದಾರಿಯನ್ನೇ ಯಾರೂ ಮಾಡಿಲ್ಲ.

ತೆರಿಗೆ, ರಿಯಾಯಿತಿಯ ವಿಷಯ ಜಾಸ್ತಿ ಬೆಳೆಸಲ್ಲ. ಅದು ಕಾಗದದ ಕೆಲಸ. ತಡ ಆದರೂ ಒಂದು ದಿನ ಮುಗಿಯುತ್ತದೆ. ಮುಗಿಯದೆ ಇರುವುದು ಈ ನಿಲ್ಲಿಸುವ ಗೋಳು.

ನಾನು ಕಾರಿನಿಂದ ಹೇಗೆ ಇಳಿಯುತ್ತೇನೆ ಅಂತ ನೀನು ಸರಿಯಾಗಿ ನೋಡಿಲ್ಲ ಅನಿಸುತ್ತದೆ. ಬಾಗಿಲು ಪೂರ್ತಿ ತೆಗೆಯಬೇಕು. ಅರ್ಧ ತೆಗೆದರೆ ಆಗಲ್ಲ. ಸೀಟಿನಲ್ಲೇ ಪೂರ್ತಿ ಹೊರಗೆ ತಿರುಗಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಹೊರಗಿಡಬೇಕು. ಹಿಂದಿನ ಸೀಟಿನಿಂದ ಎರಡು ಊರುಗೋಲು ಎಳೆದುಕೊಳ್ಳಬೇಕು. ಮಂಡಿ ನೆಟ್ಟಗೆ ಮಾಡಿ ಕ್ಯಾಲಿಪರ್‌ನ, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಚೌಕಟ್ಟಿನ, ಬೀಗ ಎರಡೂ ಕಡೆ ಇಳಿಸಬೇಕು. ಟಕ್ ಅಂತ ಸದ್ದು ಬಂದ ಮೇಲೆಯೇ ನಿಲ್ಲುವ ಧೈರ್ಯ. ಬಾಗಿಲ ಚೌಕಟ್ಟು ಹಿಡಿದು ಎದ್ದು, ಊರುಗೋಲಿಗೆ ಭಾರ ಹಾಕಿ, ಆಮೇಲೆ ಒಂದು ಹೆಜ್ಜೆ. ಇಷ್ಟಕ್ಕೂ ಪಕ್ಕದಲ್ಲಿ ಜಾಗ ಬೇಕು. ಕಟ್ಟಡಗಳು ಅಂಗವಿಕಲರಿಗೆ ಅನುಕೂಲವಾಗಿರಲಿ ಅಂತ ಸರ್ಕಾರ ಮಾಡಿದ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ನಮ್ಮ ಪಾರ್ಕಿಂಗ್ 3.6 ಮೀಟರ್ ಅಗಲ ಇರಬೇಕು, ಮುಖ್ಯ ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು ಅಂತ ಬರೆದಿರುವುದು ಸುಮ್ನೆ ಅಲ್ಲ. ಬಾಗಿಲ ಹತ್ತಿರ ನಿಲ್ಲಿಸುವುದನ್ನು ಜನ ವಿಐಪಿ ಮರ್ಯಾದೆ ಅಂದುಕೊಳ್ಳುತ್ತಾರೆ. ನನಗೆ ಹತ್ತಿರಕ್ಕಿಂತ ಅಗಲ ಮುಖ್ಯ.

ಇಳಿಯುವುದು ಹೇಗೋ ಆಗುತ್ತದೆ. ಖಾಲಿ ಜಾಗ ಹುಡುಕಿ ನಿಲ್ಲಿಸಬಹುದು. ವಾಪಸ್ ಹತ್ತುವುದೇ ನಿಜವಾದ ಫಜೀತಿ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಗುರುತು ಬಳಿದ ಜಾಗದಲ್ಲೇ ನಿಲ್ಲಿಸಿ ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಡ್ರೈವರ್ ಬಾಗಿಲಿನ ಪಕ್ಕ ಸಾಲಾಗಿ ಬೈಕುಗಳು. ಆ ಖಾಲಿ ಅಗಲ ನೋಡಿದವರಿಗೆ ಅದು ಬಿಟ್ಟುಹೋದ ಜಾಗ ಅನಿಸಿದೆ. ಹ್ಯಾಂಡಲ್ ಲಾಕ್ ಆಗಿದ್ದ ಬೈಕನ್ನು ಯಾರು ಎಳೆಯುತ್ತಾರೆ? ಬೈಕಿನವರು ಒಬ್ಬೊಬ್ಬರಾಗಿ ಬರುವ ತನಕ ಗೋಡೆಗೆ ಒರಗಿ ನಿಂತಿದ್ದೆ. ಕಾವಲಿನ ಹುಡುಗ ಒಳ್ಳೆಯವನೇ, ಕುರ್ಚಿ ತಂದುಕೊಟ್ಟ. "ಸಾರ್, ನಾನು ಬೈದರೆ ಅವರು ನಂಗೇ ರೂಲ್ಸ್ ತೋರ್ಸು ಅಂತಾರೆ" ಅಂದ. ಅವನು ಹೇಳಿದ್ದು ನಿಜ. ತೋರಿಸೋಕೆ ಅವನ ಕೈಯಲ್ಲಿ ಏನೂ ಇಲ್ಲ. ಹಚ್ಚಿದ ಬಣ್ಣ ಒಂದೇ.

ಇನ್ನೊಂದು ಮಾತು ಇದೆ, ಅದನ್ನು ಕೇಳಿದಾಗಲೆಲ್ಲಾ ಮೈ ಉರಿಯುತ್ತದೆ. "ಗಾಡಿ ಓಡಿಸ್ಕೊಂಡು ಬಂದಿದ್ದೀರಲ್ಲ, ನಡೆಯೋಕೆ ಆಗಲ್ವಾ?" ಸ್ಟಿಯರಿಂಗ್ ಹಿಂದೆ ಕೂತಾಗ ನಾನು ಎಲ್ಲರ ಹಾಗೇ ಕಾಣುತ್ತೇನೆ. ಅದಕ್ಕೋಸ್ಕರವೇ ತಾನೇ ನಾನು ಕಾರು ಕಲಿತಿದ್ದು! ಆದರೆ ಜಾಗ ಕೇಳಬೇಕಾದ ಹೊತ್ತಿನಲ್ಲಿ ಕಿಟಕಿ ಇಳಿಸಿ ಪ್ಯಾಂಟು ಮೇಲೆತ್ತಿ ಕ್ಯಾಲಿಪರ್ ತೋರಿಸಬೇಕು. ಹೆಂಡತಿ ಮಕ್ಕಳು ಪಕ್ಕದಲ್ಲಿ ಕೂತಿರುತ್ತಾರೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡು, ತೆಗೆದು ತೋರಿಸಿದರೆ "ಇದು ಬಸ್ಸಿಗೆ ಅಲ್ವಾ ಸಾರ್" ಅನ್ನುತ್ತಾರೆ. ನಿಮ್ಮಲ್ಲಿ ಕನ್ನಡಿಗೆ ನೇತುಹಾಕುವ ಆ ನೀಲಿ ಕಾರ್ಡು ಮಾಡುವ ದೊಡ್ಡ ಉಪಕಾರ ಇದೇ ನೋಡು. ನಿನ್ನ ಪರವಾಗಿ ಅದೇ ಮಾತಾಡುತ್ತದೆ. ಯಾರಿಗೂ ಕಾಲು ತೋರಿಸಬೇಕಾಗಿಲ್ಲ.

ಅದರ ಇನ್ನೊಂದು ಗುಣ ನಿನಗೆ ಹೊಳೆದಿದೆಯೋ ಇಲ್ಲವೋ. ಆ ಕಾರ್ಡು ಮನುಷ್ಯನದು, ಗಾಡಿಯದಲ್ಲ. ನಿನ್ನ ಕಾರಿಗೂ ಹಾಕಬಹುದು, ನಿನ್ನ ಭಾಮೈದನ ಕಾರಿಗೂ ಹಾಕಬಹುದು, ಆ ಮನುಷ್ಯ ಜೊತೆಗಿದ್ದರೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಕೊಟ್ಟಿದ್ದು ನೆವಾಡಾದಲ್ಲೂ ನಡೆಯುತ್ತದೆ. 1991ರಲ್ಲೇ ಅವರ ಕೇಂದ್ರ ಸರ್ಕಾರ ಎಲ್ಲಾ ರಾಜ್ಯಕ್ಕೂ ಒಂದೇ ಮಾದರಿಯ ನಿಯಮ ಮಾಡಿ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಒಪ್ಪಬೇಕು ಅಂತ ಹೇಳಿತು. ಆ ಜಾಗದಲ್ಲಿ ಬೇರೆಯವರು ನಿಲ್ಲಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ದಂಡ ಶುರುವಾಗುವುದೇ 250 ಡಾಲರಿನಿಂದ. ಯುರೋಪಿನಲ್ಲೂ ಒಂದು ದೇಶದ ನೀಲಿ ಕಾರ್ಡನ್ನು ಇನ್ನೊಂದು ದೇಶ ಒಪ್ಪುತ್ತದೆ. ದೇಶ ದಾಟಿದರೂ ನಡೆಯುವ ಕಾರ್ಡು ಅವರಿಗಿದೆ. ನನಗೆ ಬಾವಲಿ ಸೇತುವೆ ದಾಟುವುದಕ್ಕೆ ಮುಂಚೆಯೇ ಇಲ್ಲ.

ಗಡಿಯಲ್ಲಿ ಇದು ಇನ್ನೂ ಸಿಕ್ಕಾಗುತ್ತದೆ. ಬಾವಲಿ ರಸ್ತೆ ನಾಗರಹೊಳೆ ಕಾಡಿನೊಳಗೆ ಹೋಗುತ್ತದೆ. ಸಂಜೆ 6ಕ್ಕೆ ಗೇಟು ಹಾಕಿದರೆ ಬೆಳಿಗ್ಗೆ 6ಕ್ಕೇ ತೆಗೆಯುವುದು. ಆನೆ, ಹುಲಿ ಓಡಾಡುವ ದಾರಿ, ಹಾಕಲೇಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾನಂತವಾಡಿಯಲ್ಲಿ ಯಾರೋ ನನ್ನ ಬಾಗಿಲಿಗೆ ಅಡ್ಡ ಜೀಪು ನಿಲ್ಲಿಸಿ ಊಟಕ್ಕೆ ಹೋದರೆ ನನ್ನ ಲೆಕ್ಕವೆಲ್ಲಾ ಅಲ್ಲಿಗೇ ತಪ್ಪುತ್ತದೆ. ಗೇಟು ತಪ್ಪಿದರೆ ಕುಟ್ಟ, ಗೋಣಿಕೊಪ್ಪ, ಹುಣಸೂರು ಅಂತ ಸುತ್ತಿಕೊಂಡು ಬರಬೇಕು. ಬೇರೆಯವರಾದರೆ ಗಾಡಿ ಅಲ್ಲೇ ಬಿಟ್ಟು ಆಟೋ ಹಿಡಿದಾರು. ನನ್ನ ಕಾಲೇ ಆ ಗಾಡಿ, ಬಿಟ್ಟು ಎಲ್ಲಿಗೆ ಹೋಗಲಿ? "ಚೇಟ್ಟಾ, ಕಾಲ್ ವಯ್ಯ, ವಂಡಿ ಒನ್ನು ಮಾಟ್ಟಣಂ" (ಅಣ್ಣಾ, ಕಾಲು ಸರಿಯಿಲ್ಲ, ಗಾಡಿ ಸ್ವಲ್ಪ ಸರಿಸಬೇಕು) ಅಂತ ಅಂಗಡಿ ಅಂಗಡಿಗೆ ಕೂಗಿ ಕೇಳುತ್ತೇನೆ. ಪಾಪ, ಅಲ್ಲಿಯ ಜನ ಓಡಿ ಬಂದು ಸಹಾಯ ಮಾಡುತ್ತಾರೆ. ನಾಲ್ಕು ಜನ ಸೇರಿ ಗಾಡಿ ತಳ್ಳಿಕೊಟ್ಟಿದ್ದೂ ಇದೆ. ಆದರೆ ನನ್ನ ಹಕ್ಕು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು, ಅಲ್ವಾ?

ಯಾಕೆ ಹೀಗೆ ಅಂತ ವಕೀಲ ಮಿತ್ರರೊಬ್ಬರನ್ನು ಕೇಳಿದ್ದೆ. ಸಂವಿಧಾನದ ಏಳನೇ ಅನುಸೂಚಿ ತೆಗೆದು ತೋರಿಸಿದರು. ಅಂಗವಿಕಲರಿಗೆ ನೆರವು ಕೊಡುವುದು ರಾಜ್ಯ ಪಟ್ಟಿಯ 9ನೇ ವಿಷಯ. ಗಾಡಿ ತೆರಿಗೆ ಅದೇ ಪಟ್ಟಿಯ 57ನೆಯದು. ಗಾಡಿ ನಿಲ್ಲಿಸುವ ಜಾಗ ಊರಿನ ಪಾಲಿಕೆಯದು, ಪುರಸಭೆಯದು, ಇಲ್ಲವೇ ಕಟ್ಟಡದ ಮಾಲೀಕನದು. ಡಿಎಲ್ ದೇಶಕ್ಕೆಲ್ಲಾ ನಡೆಯುತ್ತದೆ. ಆರ್‌ಸಿ ನಡೆಯುತ್ತದೆ. ಯುಡಿಐಡಿಯೂ ನಡೆಯುತ್ತದೆ. ಗಾಡಿ ನಿಲ್ಲಿಸಿದ ತಕ್ಷಣ ಮಾತ್ರ ನಾನು ಆ ಊರಿನ ಪಾಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. 7 ಬಗೆ ಇದ್ದ ಅಂಗವೈಕಲ್ಯವನ್ನು 21 ಮಾಡಿತು. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಕೂಡ ನಮಗೆ ಅನುಕೂಲವಾಗಿರಬೇಕು ಅಂತ 41ನೇ ಕಲಮಿನಲ್ಲಿ ಹೇಳುತ್ತದೆ. ಆದರೆ ಆ ಜಾಗದಲ್ಲಿ ಯಾರು ನಿಲ್ಲಬಹುದು ಅಂತ ಗುರುತಿಸುವ ಚೀಟಿ ಯಾವುದು ಅಂತ ಹೇಳಲಿಲ್ಲ. ಅಳತೆಗಳೆಲ್ಲಾ ಬಹಳ ಕಾಲ ಬರೀ ಸಲಹೆಯಾಗಿಯೇ ಉಳಿದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಸಲಹೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗಾದ ಖುಷಿ ನಿನಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ. ನಿನಗೆ ಅದು ಹುಟ್ಟಿನಿಂದ ಸಿಕ್ಕಿದ ಹಾಗೆ ಸಿಕ್ಕಿದೆ.

ಮಂಡ್ಯ ಕಡೆಯ ನಮ್ಮ ಗೆಳೆಯರ ಪಾಡು ಬೇರೆ. ಪಕ್ಕದಲ್ಲಿ ಎರಡು ಚಕ್ರ ಕೂರಿಸಿದ ಸ್ಕೂಟರೇ ಬಹಳ ಜನರ ಗಾಡಿ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸ್ಕೂಟರಿಗೂ ಮೂರು ಚಕ್ರದ ಗಾಡಿಗೂ ಪ್ರವೇಶ ಇಲ್ಲ. ಜೀವ ಉಳಿಸೋಕೆ ಮಾಡಿದ ನಿಯಮ, ಒಪ್ಪುತ್ತೇನೆ. ಆದರೆ ಕಾರು ಕೊಳ್ಳಲಾಗದ ಅಂಗವಿಕಲ ಸರ್ವಿಸ್ ರಸ್ತೆಯ ಗುಂಡಿಯಲ್ಲೇ ಹೋಗಬೇಕು. ಗಾಡಿಯ ನಿಯಮ ಬರೆಯುವಾಗ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಮೈಸೂರಿಗೆ ಬಂದುಬಿಡು ಅಂದೆಯಲ್ಲ. ಯಾಕೆ ಬರಲಿ? ಹೆಗ್ಗಡದೇವನಕೋಟೆಯ ಸಂತೆ ಬೀದಿಯಲ್ಲಿ ನನ್ನ ಕಾರು ಕಂಡರೆ ಸೊಪ್ಪು ಮಾರುವ ಅಮ್ಮ ಬುಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಎಡಗಡೆ ಅಲ್ಲ, ನಾನು ಇಳಿಯುವ ಬಲಗಡೆ. ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ನಾನು ಇಳಿಯುವುದನ್ನು ನೋಡಿ ಅವಳೇ ಕಲಿತಿದ್ದಾಳೆ. ಅಂಗಡಿಯ ಮುಂದೆ ಎಷ್ಟೇ ಲಾರಿ ಬಂದರೂ ನನ್ನ ಜಾಗಕ್ಕೆ ಯಾರೂ ನುಗ್ಗುವುದಿಲ್ಲ. ನಾನು ಇಲ್ಲಿ ಹುಟ್ಟಿದವನು, ಇಲ್ಲಿ ವ್ಯಾಪಾರ ಮಾಡುವವನು, ಎರಡು ಭಾಷೆಯಲ್ಲಿ ಜಗಳ ಆಡಬಲ್ಲವನು. ನನ್ನ ಪರಿಚಯ ಇರುವಷ್ಟು ದೂರ ನನಗೆ ಯಾವ ಕಾರ್ಡೂ ಬೇಡ. ಪರಿಚಯ ಮುಗಿದ ಮೇಲೆ ಬೇಕು. ಮೈಸೂರಿಗೆ ಮನೆ ಬದಲಿಸಿದರೆ ಆ ಪರಿಚಯವೂ ಹೋಗುತ್ತದೆ, ಕಾರ್ಡೂ ಸಿಗುವುದಿಲ್ಲ.

ನಮ್ಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರ ಜೊತೆ ಕೂತು ಒಂದು ಮನವಿ ಬರೆದಿದ್ದೇವೆ. ಅಂಗವಿಕಲರ ರಾಜ್ಯ ಆಯುಕ್ತರಿಗೆ ಒಂದು ಪ್ರತಿ, ಕೇಂದ್ರದ ಸಾರಿಗೆ ಸಚಿವಾಲಯಕ್ಕೆ ಒಂದು. ಹೊಸ ನಂಬರ್ ಪ್ಲೇಟ್ ಕೇಳಿಲ್ಲ. ಪ್ಲೇಟು ಗಾಡಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಬಹಳ ಜನಕ್ಕೆ ಸ್ವಂತ ಗಾಡಿಯೇ ಇಲ್ಲ, ಬಾಡಿಗೆ ಕಾರಿನಲ್ಲೋ ಅಣ್ಣನ ಕಾರಿನಲ್ಲೋ ಆಸ್ಪತ್ರೆಗೆ ಹೋಗುವವರು. ಅದಕ್ಕೇ ನೇತುಹಾಕುವ ಕಾರ್ಡು ಕೇಳಿದ್ದೇವೆ. ಯುಡಿಐಡಿ ಸಂಖ್ಯೆ ಹೇಗೂ ಇದೆ. ಆ ಸಂಖ್ಯೆ, ಫೋಟೊ, ಮೊಬೈಲಿನಲ್ಲಿ ಪರೀಕ್ಷಿಸುವ ಕ್ಯೂಆರ್ ಗುರುತು ಹಾಕಿ ಮುದ್ರಿಸಿ ಕೊಡಲಿ. ನಡೆಯಲು ತೊಂದರೆ ಇರುವವರಿಗೆ ಮಾತ್ರ ಕೊಡಲಿ, ಸುಳ್ಳು ಬಳಸಿದವರಿಗೆ ದಂಡ ಹಾಕಲಿ. ಹಿಂಭಾಗದಲ್ಲಿ ಎಲ್ಲಾ ರಾಜ್ಯಗಳಲ್ಲೂ ಮಾನ್ಯ ಅಂತ ಬರೆಯಲಿ, ಕನ್ನಡದಲ್ಲೂ ಮಲಯಾಳದಲ್ಲೂ. ಮಾನಂತವಾಡಿಯ ಗೆಳೆಯರೂ ಇದಕ್ಕೆ ಸಹಿ ಹಾಕಿದ್ದಾರೆ. ಅವರು ಮೈಸೂರಿನ ಆಸ್ಪತ್ರೆಗೆ ಬಂದಾಗ ಅವರ ಪಾಡೂ ಇದೇ.

ನಿನ್ನಿಂದ ಒಂದು ಕೆಲಸ ಆಗಬೇಕು. ಅಲ್ಲಿಯ ಕಾರ್ಡಿನ ಎರಡೂ ಬದಿಯ ಫೋಟೊ, ಅರ್ಜಿ ನಮೂನೆ, ವೈದ್ಯರು ಬರೆಯುವ ಭಾಗ, ಇಷ್ಟನ್ನೂ ಕಳಿಸು. ಮನವಿಯ ಜೊತೆ ಮಾದರಿ ಅಂತ ಲಗತ್ತಿಸುತ್ತೇವೆ.