ಅಂಚು ಕುಡಿದ ಬಣ್ಣ, ಒಣಗದ ಎನಾಮೆಲ್

ಪ್ರಶ್ನೆ: ಹೊಸ ಪ್ಲೈವುಡ್ ಕಪಾಟಿಗೆ ನಾವೇ ಎನಾಮೆಲ್ ಹೊಡೆದೆವು. ಎರಡು ಕೋಟ್ ಆದರೂ ಬಾಗಿಲಿನ ಅಂಚು ತರಿತರಿ, ಪದರದ ಗೆರೆಗಳು ಎದ್ದು ಕಾಣುತ್ತವೆ. ಗೋಡೆಗೆ ಬಳಿದು ಉಳಿದಿದ್ದ ಪುಟ್ಟಿ ಹಚ್ಚಿದರೆ ಅದೂ ಚಕ್ಕೆ ಏಳುತ್ತಿದೆ.
– ಓದುಗರು, ಹಾಸನ

ಉತ್ತರ: ಪ್ಲೈವುಡ್‌ನ ಅಂಚು ಕೊಯ್ದ ಹುಲ್ಲಿನ ಕಂತೆಯ ತುದಿ ಇದ್ದ ಹಾಗೆ. ಒಂದು ಬಿಟ್ಟು ಒಂದು ಪದರದ ನಾರು ಅಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಎಷ್ಟು ಬಣ್ಣ ಕೊಟ್ಟರೂ ಕುಡಿಯುತ್ತದೆ. ಆ ಬಾಯಿ ಮುಚ್ಚದೆ ಮೂರನೇ, ನಾಲ್ಕನೇ ಕೋಟ್ ಹೊಡೆಯುವುದು ದುಡ್ಡು ದಂಡ. ಗೋಡೆಯ ಪುಟ್ಟಿ ಸಾಮಾನ್ಯವಾಗಿ ಬಿಳಿ ಸಿಮೆಂಟಿನದು. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಅದು ಜೊತೆಗೆ ಬಾಗದೆ ಬಿರಿಯುತ್ತದೆ.

ಮೊದಲು ತಿರುಪು ಬಿಚ್ಚಿ ಬಾಗಿಲನ್ನು ಮೇಜಿನ ಮೇಲೆ ಮಲಗಿಸಿ. ಅಂಚಿನ ಪುಟ್ಟಿಯನ್ನು ಪೂರ್ತಿ ಕೆರೆದು, 120 ನಂಬರ್ ಸ್ಯಾಂಡ್ ಪೇಪರಿನಲ್ಲಿ ಮರ ಕಾಣುವವರೆಗೆ ಉಜ್ಜಿ. ವುಡ್ ಪ್ರೈಮರ್‌ಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ ಅಂಚಿಗೆ ಕುಡಿಸಿ. ಮರುದಿನ ಮರಕ್ಕೆಂದೇ ಮಾರುವ ಫಿಲ್ಲರನ್ನು ಪುಟ್ಟಿ ಹಚ್ಚುವ ತಗಡಿನ ಪಟ್ಟಿಯಿಂದ ಒತ್ತಿ ತುಂಬಿ. ಮೇಲೆ ಸವರಿದರೆ ಸಾಲದು, ನಾರಿನೊಳಗೆ ಇಳಿಯಬೇಕು. ಒಳಪದರದಲ್ಲಿ ಬೆರಳುಗುರು ಹೋಗುವಷ್ಟು ಸಂದಿಯಿದ್ದರೆ ಫಿಲ್ಲರ್ ನಿಲ್ಲದು. ಮರದ ತೆಳು ಚಕ್ಕೆಗೆ ಅಂಟು ಹಚ್ಚಿ ಸಂದಿಗೆ ತೂರಿಸಿ, ಒಣಗಿದ ಮೇಲೆ ಸಮ ಕತ್ತರಿಸಿ. ಬಳಿಕ 180ರಲ್ಲಿ ಉಜ್ಜಿ, ಇನ್ನೊಂದು ಕೋಟ್ ಪ್ರೈಮರ್ ಕೊಟ್ಟು, 220ರಲ್ಲಿ ಹಗುರವಾಗಿ ಉಜ್ಜಿದ ಮೇಲೆ ಎನಾಮೆಲ್.

ಬಾಗಿಲಿನ ಕೆಳ ಅಂಚು ಮರೆಯಬೇಡಿ. ಕಣ್ಣಿಗೆ ಕಾಣುವುದಿಲ್ಲ ಅಂತ ಬಣ್ಣ ಹಚ್ಚದೆ ಬಿಟ್ಟಿರುತ್ತಾರೆ. ನೆಲ ಒರೆಸುವ ನೀರು ಮೊದಲು ಏರುವುದೇ ಅಲ್ಲಿಂದ. ಮುಖಭಾಗವನ್ನಂತೂ ಮೆಷಿನ್ ಇಟ್ಟು ಉಜ್ಜಬೇಡಿ. ಮೇಲಿನ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರೂ ಇರುವುದಿಲ್ಲ. ಒಮ್ಮೆ ಹರಿದು ಕೆಳಗಿನ ಕೆಂಪು ಪದರ ಕಂಡರೆ ತೇಪೆಯೇ ಗತಿ. ಮರದ ತುಂಡಿಗೆ ಕಾಗದ ಸುತ್ತಿ, ಎಳೆ ಓಡಿದ ದಿಕ್ಕಿಗೇ ಕೈಯಲ್ಲಿ ಉಜ್ಜಿ. ಇನ್ನು ಮುಂದೆ ಕಪಾಟು ಮಾಡಿಸುವವರು ಬಡಗಿಗೆ ಹೇಳಿ ಅಂಚಿಗೆ ತೇಗದ ಬೀಡಿಂಗ್ (ತೆಳು ಮರದ ಪಟ್ಟಿ) ಹೊಡೆಸಿಬಿಡಿ. ಇಷ್ಟೆಲ್ಲ ರಗಳೆಯೇ ಇರುವುದಿಲ್ಲ.

ಪ್ರಶ್ನೆ: ಜುಲೈನಲ್ಲಿ ಪುಸ್ತಕದ ಶೆಲ್ಫಿಗೆ ಎನಾಮೆಲ್ ಹಚ್ಚಿ ಹತ್ತು ದಿನವಾಯಿತು. ಇನ್ನೂ ಅಂಟಂಟು. ಪುಸ್ತಕ ಇಟ್ಟರೆ ರಟ್ಟು ಕಚ್ಚಿಕೊಳ್ಳುತ್ತದೆ.
– ಓದುಗರು, ಮೂಡಿಗೆರೆ

ಉತ್ತರ: ಎನಾಮೆಲ್ ಒಣಗುವುದು ಟಿನ್ನರ್ ಆರಿ ಹೋಗುವುದರಿಂದ ಮಾತ್ರ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ನಿಮ್ಮೂರಿನ ಜಡಿಮಳೆಯ ತಂಪಿನಲ್ಲಿ ಅದು ಬಹಳ ನಿಧಾನ. ದಪ್ಪಗೆ ಹೊಡೆದಿದ್ದರೆ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಸೀಮೆಎಣ್ಣೆ ಬೆರೆಸಿದ್ದರಂತೂ ಇನ್ನೂ ತಡ.

ಮೇಲೆ ಮತ್ತೊಂದು ಕೋಟ್ ಬೇಡವೇ ಬೇಡ. ಕಿಟಕಿ ಇರುವ ಕೋಣೆಯಲ್ಲಿಟ್ಟು ಎರಡು ವಾರ ಫ್ಯಾನ್ ಹಾಕಿ. ಒಲೆ, ಕೆಂಡ ಹತ್ತಿರ ತರಬೇಡಿ. ಆವಿಗೆ ಬೆಂಕಿ ಹತ್ತುತ್ತದೆ. ಆಮೇಲೂ ಉಗುರು ಒತ್ತಿದರೆ ಗುರುತು ಬೀಳುವುದಾದರೆ ಕೆರೆದು ತೆಗೆದು, ಬಿಸಿಲು ಬಂದ ಮೇಲೆ ಹೊಸದಾಗಿ ತೆಳು ಕೋಟ್ ಹೊಡೆಯಿರಿ. ಒಣಗಿದಂತೆ ಕಂಡರೂ ಭಾರದ ಪುಸ್ತಕ ಜೋಡಿಸಲು ಇನ್ನೆರಡು ವಾರ ಕಾಯಿರಿ. ಶೆಲ್ಫನ್ನು ಗೋಡೆಗೆ ತಾಗಿಸದೆ ಎರಡು ಇಂಚು ಬಿಡಿ, ಹಿಂಬದಿಗೂ ಪ್ರೈಮರ್ ಹಚ್ಚಿ. ಇಲ್ಲದಿದ್ದರೆ ಬೂಷ್ಟು ಬರುವುದು ಅಲ್ಲಿಂದಲೇ.

ಪ್ರಶ್ನೆ: ಟೀಪಾಯಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಅಂದರೆ ಬೇಗ ಆರುವ ಪಾರದರ್ಶಕ ಲೇಪ, ಹಚ್ಚಿದ ಅರ್ಧ ಗಂಟೆಯಲ್ಲಿ ಮಂಜು ಕವಿದಂತೆ ಬೆಳ್ಳಗಾಯಿತು. ಲ್ಯಾಕರ್ ಕಳಪೆಯೇ?
– ಓದುಗರು, ಕೊಪ್ಪ

ಉತ್ತರ: ಡಬ್ಬಿಯನ್ನು ಬೈಯಬೇಡಿ. ಟಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಲ್ಯಾಕರಿನಲ್ಲಿ ಸಿಕ್ಕಿಕೊಂಡಿದೆ. ಒಣ ಹವೆಯ ಮಧ್ಯಾಹ್ನ ನೋಡಿ, ನಿಧಾನ ಆರುವ ರಿಟಾರ್ಡರ್ ಬೆರೆಸಿದ ಟಿನ್ನರನ್ನು ತೆಳ್ಳಗೆ ಸ್ಪ್ರೇ ಮಾಡಿದರೆ ಪದರ ಕರಗಿ ಮತ್ತೆ ತಿಳಿಯಾಗುತ್ತದೆ. ಹಳೆಯ ಎನಾಮೆಲ್ ಮೇಲೆ ಮಾತ್ರ ಈ ಟಿನ್ನರ್ ತಾಗಿಸಬೇಡಿ. ಸುಕ್ಕುಗಟ್ಟಿ ಎದ್ದು ಬರುತ್ತದೆ.