ಹೊಸ್ತಿಲಲ್ಲಿ ಒಂದು ಸಹಿ

ಪತ್ರ: ವಿದ್ವತ್ ಸಂಸ್ಥೆಯೊಂದು ಹೊಸ ಸದಸ್ಯರನ್ನು ಬರಮಾಡಿಕೊಂಡ ಸಮಾರಂಭಕ್ಕೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ಬಿನ್ನವತ್ತಳೆ, ಪ್ರತಿಜ್ಞೆ, ಭಾಷಣ, ಫೋಟೋ! ಯೋಗ್ಯತೆ ಇದ್ದವರಿಗೆ ಅಂಚೆಯಲ್ಲಿ ಒಂದು ಕಾಗದ ಕಳಿಸಿದರೆ ಸಾಲದೆ? ಪದಕ ಕೊಟ್ಟರೂ ಅಷ್ಟೇ, ಸದಸ್ಯತ್ವ ಕೊಟ್ಟರೂ ಅಷ್ಟೇ. ಈ ಆಡಂಬರವನ್ನು ನೀವೂ ಮೆರೆಸಬೇಕೆ?
– ಒಬ್ಬ ಹಳೆಯ ಓದುಗ

ಉತ್ತರ: ಸಿಟ್ಟಿನಲ್ಲಿ ಬರೆದಿದ್ದರೂ ನಿಮ್ಮ ಅಕ್ಷರ ಒಂದೂ ಅಲುಗಿಲ್ಲ. ಅದಕ್ಕೆ ಮೊದಲ ನಮಸ್ಕಾರ. ಆಡಂಬರದ ಮಾತು ಒಪ್ಪಿದೆ. ಅರ್ಧ ಗಂಟೆಯಲ್ಲಿ ಮುಗಿಯುವುದನ್ನು ಮೂರು ಗಂಟೆ ಎಳೆಯುವವರಿದ್ದಾರೆ, ಹೊಸ ಸದಸ್ಯರಿಗಿಂತ ಹೆಚ್ಚು ಹೊತ್ತು ಮೈಕು ಹಿಡಿಯುವ ಅಧ್ಯಕ್ಷರಿದ್ದಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ 'ಪದಕ ಕೊಟ್ಟರೂ ಅಷ್ಟೇ, ಸದಸ್ಯತ್ವ ಕೊಟ್ಟರೂ ಅಷ್ಟೇ' ಎಂದಿರಲ್ಲ, ಅಲ್ಲಿ ನನ್ನ ಪೆನ್ನು ಜೇಬಿನಿಂದ ಹೊರಗೆ ಬಂತು.

ಪದಕ ಸಿಕ್ಕವರು ಅದನ್ನು ತಮ್ಮ ಮನೆಗೆ ಒಯ್ಯುತ್ತಾರೆ. ಸದಸ್ಯರಾದವರು ಸಂಸ್ಥೆಯ ಮನೆಯೊಳಕ್ಕೇ ಬರುತ್ತಾರೆ. ಅಲ್ಲಿ ಅವರಿಗೊಂದು ಕುರ್ಚಿ, ಮುಂದೆ ಯಾರು ಬರಬೇಕು ಎಂಬುದಕ್ಕೆ ಒಂದು ಮತ. ಸಂಸ್ಥೆಗಳು ಪದಕವನ್ನು ಧಾರಾಳವಾಗಿ ಕೊಟ್ಟು ಕುರ್ಚಿಯನ್ನು ಮಾತ್ರ ಬಿಗಿಹಿಡಿದುಕೊಂಡದ್ದು ಈ ಕಾರಣಕ್ಕೇ. ಹರ್ತಾ ಏರ್ಟನ್ ಅವರ ಕಥೆ ಕೇಳಿ. ವಿದ್ಯುತ್ ಕಮಾನು ದೀಪ (ಆರ್ಕ್ ಲ್ಯಾಂಪ್) ಯಾಕೆ ಸಿಳ್ಳೆ ಹೊಡೆಯುತ್ತದೆ, ಯಾಕೆ ಮಿನುಗುತ್ತದೆ ಎಂದು ಹುಡುಕಿ ತೆಗೆದ ವಿಜ್ಞಾನಿ. 1902ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ, ಸದಸ್ಯತ್ವಕ್ಕೆಂದು, ಅವರ ಹೆಸರು ಹೋಯಿತು. ಸೊಸೈಟಿ ವಕೀಲರನ್ನು ಕೇಳಿತು. ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಪ್ರತ್ಯೇಕ ಅಸ್ತಿತ್ವವೇ ಇಲ್ಲ, ಆಕೆ ಫೆಲೋ, ಅಂದರೆ ಸೊಸೈಟಿಯ ಸದಸ್ಯೆ, ಆಗುವಂತಿಲ್ಲ ಎಂದು ವಕೀಲರು ಹೇಳಿದರು. ನಾಲ್ಕೇ ವರ್ಷಕ್ಕೆ, 1906ರಲ್ಲಿ, ಅದೇ ಸೊಸೈಟಿ ಅವರಿಗೆ ಹ್ಯೂಸ್ ಪದಕ ಕೊಟ್ಟಿತು! ಪದಕ ತಗೊಳ್ಳಿ ತಾಯಿ, ಕೂರುವುದು ಮಾತ್ರ ಬೇಡ. ಹೆಂಗಸರು ಫೆಲೋಗಳಾಗಿ ಒಳಗೆ ಬಂದದ್ದು 1945ರಲ್ಲಿ, ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್ ಅವರೊಂದಿಗೆ. ಅದಕ್ಕೂ ಎಷ್ಟೋ ಮುಂಚೆ ಗಣಿತಜ್ಞೆ ಮೇರಿ ಸಾಮರ್‌ವಿಲ್ ಅವರ ಅಮೃತಶಿಲೆಯ ಮೂರ್ತಿ ಸೊಸೈಟಿಯ ಸಭಾಂಗಣ ಸೇರಿತ್ತು. ಕಲ್ಲು ಮತ ಹಾಕುವುದಿಲ್ಲವಲ್ಲ!

ಮೇರಿ ಕ್ಯೂರಿಯವರನ್ನಂತೂ ಬಲ್ಲಿರಿ. 1911ರ ಜನವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಸದಸ್ಯತ್ವದ ಚುನಾವಣೆಯಲ್ಲಿ ಅವರನ್ನು ಸೋಲಿಸಿ ಕಳಿಸಿತು. ಆ ವರ್ಷ ಮುಗಿಯುವುದರೊಳಗೆ ಅವರ ಕೈಯಲ್ಲಿ ಎರಡನೆಯ ನೊಬೆಲ್ ಇತ್ತು.

ಹಾಗಾದರೆ ಬಾಗಿಲು ತೆರೆದರೆ ಸಾಕು, ಸಮಾರಂಭ ಯಾಕೆ ಎನ್ನುತ್ತೀರಿ. ರಾಯಲ್ ಸೊಸೈಟಿಯಲ್ಲಿ ಹದಿನೇಳನೇ ಶತಮಾನದಿಂದ ಒಂದೇ ಪುಸ್ತಕ ನಡೆದು ಬಂದಿದೆ. ಹೊಸ ಫೆಲೋಗಳು ಬಾಧ್ಯತೆಯೊಂದಕ್ಕೆ ಒಪ್ಪಿ ಅದರಲ್ಲಿ ಸಹಿ ಹಾಕುತ್ತಾರೆ, ನ್ಯೂಟನ್ ಹಾಕಿದ ಪುಸ್ತಕದಲ್ಲೇ. ಭಾಷೆ, ಸಾಹಿತ್ಯದ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಯದು ಇನ್ನೂ ಸೊಗಸು. 1635ರಿಂದ ಅಲ್ಲಿ ನಲವತ್ತೇ ಕುರ್ಚಿ, ಒಬ್ಬರು ತೀರಿಕೊಂಡರೆ ಮಾತ್ರ ಇನ್ನೊಬ್ಬರಿಗೆ ಜಾಗ. 1640ರಲ್ಲಿ ಪಾತ್ರು ಎಂಬ ವಕೀಲರು ಒಳಗೆ ಬಂದಾಗ ಆಡಿದ ಕೃತಜ್ಞತೆಯ ಮಾತು ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ ಅದೇ ರೂಢಿಯಾಯಿತು. ಹೊಸಬರು ಆ ಕುರ್ಚಿಯಲ್ಲಿ ತಮಗಿಂತ ಮುಂಚೆ ಕೂತಿದ್ದವರ ಬಗ್ಗೆ ಮಾತಾಡಬೇಕು. ಅಂದರೆ ಅವರನ್ನು ಓದಿಕೊಂಡು ಬರಬೇಕು! ಇದು ಅಂಚೆಯಲ್ಲಿ ಆಗುವ ಕೆಲಸವೆ, ಸ್ವಾಮಿ? ಲೇಖಕಿ ಮಾರ್ಗರೀತ್ ಯೂರ್ಸ್ನಾರ್ ಆ ಅಕಾಡೆಮಿಗೆ ಆಯ್ಕೆಯಾದ ಮೊದಲ ಹೆಂಗಸು, 1980ರಲ್ಲಿ. ಮರುವರ್ಷ ಸ್ವಾಗತದ ದಿನ ಎದ್ದು ನಿಂತವರು, ತಮ್ಮ ಜೊತೆ ಕಣ್ಣಿಗೆ ಕಾಣದ ಹೆಂಗಸರ ಒಂದು ಗುಂಪೇ ಬಂದಿದೆ, ಈ ಗೌರವ ಅವರಿಗೆ ಎಂದೋ ಸಲ್ಲಬೇಕಿತ್ತೇನೋ ಎಂಬರ್ಥದ ಮಾತಾಡಿದರು. ಸಭೆ ಇಲ್ಲದಿದ್ದರೆ ಆ ಮಾತನ್ನು ಯಾರ ಮುಂದೆ ಆಡಬೇಕಿತ್ತು?

ನಾನು ಕಣ್ಣಾರೆ ಕಂಡದ್ದೂ ಒಂದಿದೆ. ಸಂಸ್ಥೆಯೊಂದರ ಸದಸ್ಯರಾಗಿ ಬಂದ ಎಂಬತ್ತು ದಾಟಿದ ವಿದುಷಿಯೊಬ್ಬರಿಗೆ ಸಹಿಗೆಂದು ದಪ್ಪ ರಿಜಿಸ್ಟರು ಮುಂದಿಟ್ಟರು. ಅವರು ಪೆನ್ನು ಕೆಳಗಿಟ್ಟು ಹಾಳೆಗಳನ್ನು ಹಿಂದಕ್ಕೆ ಮಗುಚತೊಡಗಿದರು. ಕಾರ್ಯದರ್ಶಿಗಳು ಗಡಿಯಾರ ನೋಡಿದರು, ಫೋಟೋದವನು ಕ್ಯಾಮೆರಾ ಇಳಿಸಿದ. ಕೊನೆಗೆ ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಅವರ ಗುರುಗಳ ಸಹಿ, ನೀಲಿ ಶಾಯಿ ಮಾಸಿ ಕಂದಾಗಿತ್ತು. ಒಂದು ಗಳಿಗೆ ಅದರ ಮೇಲೆ ಕೈ ಇಟ್ಟಿದ್ದು, ಮತ್ತೆ ಹಾಳೆಗಳನ್ನು ಮುಂದಕ್ಕೆ ಮಗುಚಿ ತಮ್ಮ ಹೆಸರು ಬರೆದರು. ಅಂದಿನ ಭಾಷಣಗಳಲ್ಲಿ ಒಂದಕ್ಷರವೂ ನನಗೆ ನೆನಪಿಲ್ಲ.

ನೀವು ಬಯ್ಯಬೇಕಾದದ್ದು ಬೇರೆಯೇ ಇದೆ, ಅದನ್ನು ಬಿಟ್ಟು ಪಾಪದ ರಿಜಿಸ್ಟರನ್ನು ಬಯ್ದಿರಿ. ಇನ್ನೊಂದು ಕಡೆ ಸಸ್ಯಶಾಸ್ತ್ರಜ್ಞರೊಬ್ಬರನ್ನು ವ್ಯಾಕರಣಕ್ಕೆ ಸಲ್ಲಿಸಿದ ಸೇವೆಗಾಗಿ ಐದು ನಿಮಿಷ ಹೊಗಳಿದರು. ಬಿನ್ನವತ್ತಳೆ ಹಿಂದಿನ ವರ್ಷದ್ದು! ಸಭೆ ಚಪ್ಪಾಳೆಯನ್ನೂ ತಟ್ಟಿತು. ಓದದೆ ಆರಿಸುವವರು, ಕೇಳದೆ ತಟ್ಟುವವರು. ಇದರ ಮೇಲೆ, ಗೌರವ ಬೇಕಾದವರೇ ಸ್ವವಿವರ ತುಂಬಿ ಮೂರು ಪ್ರತಿ ಕಳಿಸಬೇಕಂತೆ, ಜೊತೆಗೆ ಇಬ್ಬರು ಗಣ್ಯರ ಶಿಫಾರಸು. ಕೇಳಿ ಪಡೆಯುವುದು ಹೊಸದೇನಲ್ಲ, ಕಾದಂಬರಿಕಾರ ಎಮಿಲ್ ಜೋಲಾ ಫ್ರೆಂಚ್ ಅಕಾಡೆಮಿಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿ ಹೊರಗೇ ಉಳಿದರು. ಆದರೂ ಒಬ್ಬರ ಪುಸ್ತಕ ಓದಿ ನೋಡುವ ಶ್ರಮವನ್ನು ಅರ್ಜಿಯ ಕಾಲಮ್ಮುಗಳಿಗೆ ವಹಿಸಿಬಿಟ್ಟರೆ, ಆಯ್ಕೆ ಸಮಿತಿಯವರು ಕೂತು ಮಾಡುವುದೇನು? ನಾಟಕಕಾರ ಮೋಲಿಯೇರ್‌ಗೆ ಆ ನಲವತ್ತರಲ್ಲಿ ಒಂದು ಕುರ್ಚಿಯೂ ಸಿಗಲಿಲ್ಲ. ಅವರು ಸತ್ತು ನೂರೈದು ವರ್ಷದ ಮೇಲೆ, 1778ರಲ್ಲಿ, ಅಕಾಡೆಮಿ ಅವರ ಮೂರ್ತಿ ಇಟ್ಟು, ಅವರ ಕೀರ್ತಿಗೆ ಏನೂ ಕೊರತೆಯಿಲ್ಲ, ನಮ್ಮ ಕೀರ್ತಿಗೆ ಅವರೇ ಕೊರತೆ ಎಂದು ಕೆತ್ತಿಸಿತು. ತಡವಾಗಿಯಾದರೂ ಅವರನ್ನು ಓದಿದ್ದರು ಅನ್ನಿ.

ಎರಡು ಪುಟ ಕೊಟ್ಟದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ವೇದಿಕೆಯಲ್ಲಿ ಹದಿನಾಲ್ಕು ಜನ ಸಾಲಾಗಿ ನಿಂತ ಆ ಫೋಟೋ ಹಾಕಿದ್ದು ನಮ್ಮದೇ ತಪ್ಪು. ಹೊಸ ಸದಸ್ಯರು ಯಾರೆಂದು ಅದರಲ್ಲಿ ನನಗೂ ಗೊತ್ತಾಗಲಿಲ್ಲ. ಮುಂದಿನ ಸಲ ಸಹಿ ಹಾಕುತ್ತಿರುವ ಕೈಯ ಚಿತ್ರ ಕೇಳಿ ತರಿಸುತ್ತೇವೆ.
– ಸಂ.