ಲೈಟ್ ಹಾಕದೆ ನಡೆಯುತ್ತಿದ್ದ ಅಪ್ಪ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಂದೆಯನ್ನು ಇಲ್ಲಿ ಮೇಷ್ಟ್ರು ಎಂದು ಕರೆಯುತ್ತೇನೆ, ಅವರು ಮಾಡುತ್ತಿದ್ದ ಕೆಲಸ ಬೇರೆ.

ಮೊದಲ ಸಲ ಮಗಳು ಒಬ್ಬರೇ ನನ್ನ ಹತ್ತಿರ ಸಲಹೆಗೆ ಬಂದರು. ವಯಸ್ಸು ಐವತ್ತರ ಹತ್ತಿರ. ಕೂತವರೇ ಬ್ಯಾಗಿನಿಂದ ಮಡಚಿದ ಒಂದು ಹಾಳೆ ತೆಗೆದು ಮುಂದಿಟ್ಟರು. ಅಪ್ಪನಿಗೆ ಹಾಕಿದ ನಿಯಮಗಳು. ಮಹಡಿ ಮೆಟ್ಟಿಲು ಹತ್ತಬಾರದು. ಬಾತ್‌ರೂಮಿಗೆ ಚಿಲಕ ಹಾಕಬಾರದು. ಒಬ್ಬರೇ ಗೇಟ್ ದಾಟಬಾರದು. ಬಗ್ಗಿ ಏನನ್ನೂ ಎತ್ತಬಾರದು. ರಾತ್ರಿ ಏಳುವುದಾದರೆ ಕರೆಯಬೇಕು. ಹೀಗೆ ಒಟ್ಟು ಹನ್ನೊಂದು. ಫ್ರಿಜ್ ಬಾಗಿಲಿಗೂ ಇದರದ್ದೇ ಒಂದು ಪ್ರತಿ ಅಂಟಿಸಿದ್ದಾರಂತೆ.

"ಇಷ್ಟು ಹೇಳಿದ್ರೂ ಒಂದನ್ನೂ ನೆಟ್ಟಗೆ ಕೇಳಲ್ಲ. ಕೋಣೆಗೆ ಕ್ಯಾಮೆರಾ ಹಾಕಿಸಲಾ, ಇಲ್ಲ ರಾತ್ರಿಗೆ ಯಾರನ್ನಾದ್ರೂ ಇಡಲಾ?" ಎಂದರು.

ಐದು ತಿಂಗಳ ಹಿಂದೆ ಮೇಷ್ಟ್ರು ಬಾತ್‌ರೂಮಿನಲ್ಲಿ ಬಿದ್ದಿದ್ದರು. ಅವರಿಗೆ 78. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಊದಿತ್ತು ಅಷ್ಟೆ. ಆದರೆ ಏಳಲು ಆಗದೆ ಮುಕ್ಕಾಲು ಗಂಟೆ ಒದ್ದೆ ನೆಲದ ಮೇಲೇ ಇದ್ದರು. ಮಗಳು ಕೆಲಸದಿಂದ ಬಂದು ಬಾಗಿಲು ತಳ್ಳಿದರೆ ಅಪ್ಪನ ಕಾಲು ಅಡ್ಡ ಸಿಕ್ಕಿತು. ಈಗಲೂ ಮನೆ ಬೀಗಕ್ಕೆ ಕೀ ಹಾಕುವಾಗ ಎದೆ ಹೊಡೆದುಕೊಳ್ಳುತ್ತೆ ಎಂದರು. ಆ ಹನ್ನೊಂದು ನಿಯಮ ಎಲ್ಲಿಂದ ಬಂದವು ಎಂದು ನನಗೆ ಆಗಲೇ ಗೊತ್ತಾಯಿತು.

ಕ್ಯಾಮೆರಾ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಬೀಳುವ ಮುಂಚೆ ಅಪ್ಪನ ದಿನ ಹೇಗಿತ್ತು, ಈಗ ಹೇಗಿದೆ ಎಂದು ಕೇಳಿದೆ. ಮುಂಚೆ ಬೆಳಿಗ್ಗೆ ನಡಿಗೆ, ಮಹಡಿ ಮೇಲಿನ ಕುಂಡಗಳಿಗೆ ನೀರು, ಮಧ್ಯಾಹ್ನ ಗೆಳೆಯರ ಮನೆ. ಈಗ ಎಂಟಕ್ಕೆ ಕುರ್ಚಿಯಲ್ಲಿ ಕೂತರೆ ರಾತ್ರಿ ಹಾಸಿಗೆಗೇ. ಹೇಳುತ್ತಾ ಹೇಳುತ್ತಾ ಅವರ ದನಿ ತಾನಾಗೇ ಇಳಿಯಿತು.

ಎರಡನೇ ಭೇಟಿಗೆ ಮೇಷ್ಟ್ರು ಬಂದರು. ಕಾಯುವ ಕೋಣೆಯ ಕುರ್ಚಿಯಿಂದ ಏಳುವುದನ್ನು ಬಾಗಿಲಲ್ಲೇ ನಿಂತು ನೋಡಿದೆ. ಎರಡೂ ಕೈ ಊರಿ ಒಮ್ಮೆ ಎದ್ದರು, ಅರ್ಧಕ್ಕೆ ಮತ್ತೆ ಕೂತರು, ಎರಡನೇ ಸಲಕ್ಕೆ ನಿಂತರು. ನಿಂತವರು ತಕ್ಷಣ ಹೆಜ್ಜೆ ಹಾಕಲಿಲ್ಲ, ಗೋಡೆಗೆ ಕೈ ಕೊಟ್ಟು ಕಣ್ಣು ಮುಚ್ಚಿ ತೆರೆದರು. ಮಗಳು ಓಡಿ ಬಂದು ತೋಳು ಹಿಡಿದರು. ಮೇಷ್ಟ್ರು ತೋಳು ಬಿಡಿಸಿಕೊಂಡರು. ಆ ಎಳೆದಾಟದಲ್ಲಿ ಇಬ್ಬರೂ ಓಲಾಡಿದರು.

ಮಗಳನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡಿದೆ. "ಬಿದ್ದಿದ್ದೀರಾ?" ಎಂದರೆ "ಇಲ್ಲ" ಅನ್ನುವುದು ಸುಲಭ. ಅದಕ್ಕೇ ಬೇರೆ ಥರ ಕೇಳಿದೆ: "ಅದಾದ ಮೇಲೆ ಎಷ್ಟು ಸಲ ಆಯ್ತು, ಸರ್?"

ಸುಮ್ಮನಿದ್ದರು. ಆಮೇಲೆ ತುಂಬು ತೋಳಿನ ಅಂಗಿಯ ಗುಂಡಿ ಬಿಚ್ಚಿ ಮೇಲೆ ಸರಿಸಿದರು. ಮೊಣಕೈ ಕೆಳಗೆ ಅಂಗೈ ಅಗಲದ ಹಳದಿ-ಹಸಿರು ಕಲೆ.

"ಎರಡು ಸಲ. ಅವಳಿಗೆ ಹೇಳ್ಬೇಡಿ."

"ನೀವು ಒಪ್ಪದೆ ಹೇಳಲ್ಲ. ಆದರೆ ಯಾಕೆ ಹೇಳಿಲ್ಲ?"

"ಹೇಳಿದ್ರೆ ಪಟ್ಟಿ ಹನ್ನೆರಡಾಗುತ್ತೆ."

ಇಬ್ಬರೂ ನಕ್ಕೆವು. ಆದರೆ ಈ ಪ್ರಕರಣದ ತಿರುಳು ಆ ಒಂದು ಮಾತಿನಲ್ಲೇ ಇತ್ತು. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಬಿದ್ದದ್ದನ್ನು ಹೇಳಿದರೆ ಕಾರಣ ಹುಡುಕಬಹುದು. ಹೇಳಿದ ತಕ್ಷಣ ಏನನ್ನೋ ಕಿತ್ತುಕೊಳ್ಳುವ ಮನೆಯಲ್ಲಿ ಯಾರು ಬಾಯಿ ಬಿಡುತ್ತಾರೆ?

ಎರಡು ಸಲವೂ ಬಿದ್ದದ್ದು ರಾತ್ರಿ, ಟಾಯ್ಲೆಟ್‌ಗೆ ಹೋಗುವಾಗ, ಕತ್ತಲಲ್ಲಿ. ಲೈಟ್ ಯಾಕೆ ಹಾಕಲಿಲ್ಲ?

"ಹಾಕಿದ್ರೆ ಅವಳ ಬಾಗಿಲ ಕೆಳಗೆ ಬೆಳಕು ಹೋಗುತ್ತೆ. ಅಪ್ಪಾ ಅಂತ ಓಡಿ ಬರ್ತಾಳೆ. ಬೆಳಿಗ್ಗೆ ಕೆಲಸಕ್ಕೆ ಹೋಗೋಳು ಪಾಪ." ಸ್ವಲ್ಪ ತಡೆದು ಗೋಡೆ ಕಡೆ ನೋಡಿ ಹೇಳಿದರು. "ಮಗಳು ಬಾಗಿಲಾಚೆ ನಿಂತಿದ್ರೆ ನನಗೆ ಮೂತ್ರ ಬರಲ್ಲ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಹಾಸಿಗೆ ಪಕ್ಕದಲ್ಲೇ ಒಂದು ಯೂರಿನ್ ಬಾಟಲಿ ಇಟ್ಟುಕೊಳ್ಳಬಹುದಲ್ಲ ಎಂದುಬಿಟ್ಟೆ. ಬೇರೆ ಎಷ್ಟೋ ಜನರಿಗೆ ಅದು ಒಳ್ಳೆಯ ಉಪಾಯವೇ. ಆದರೆ ಮೇಷ್ಟ್ರ ಮುಖ ಮುಚ್ಚಿದ ಬಾಗಿಲಾಯಿತು. ನಡೆದು ಹೋಗುವ ಮಾನ ಉಳಿಸಿಕೊಳ್ಳಲು ಕತ್ತಲಲ್ಲಿ ಹೊರಡುವ ಮನುಷ್ಯನಿಗೆ ಬಾಟಲಿ ತೋರಿಸಿದ್ದೆ. ಕ್ಷಮೆ ಕೇಳಿದೆ. ಮಿಕ್ಕ ಸಮಯವೆಲ್ಲ ಅವರನ್ನು ಮತ್ತೆ ಮಾತಿಗೆ ಎಳೆಯುವುದರಲ್ಲೇ ಹೋಯಿತು.

ಮೂರನೇ ಭೇಟಿ ಅವರ ಮನೆಯಲ್ಲೇ. ಒಬ್ಬ ಫಿಸಿಯೋಥೆರಪಿಸ್ಟ್ ಜೊತೆಗಿದ್ದರು. ಹಾಸಿಗೆಯಿಂದ ಟಾಯ್ಲೆಟ್‌ವರೆಗೆ ಒಮ್ಮೆ ನಡೆದು ತೋರಿಸಿ ಎಂದು ಮೇಷ್ಟ್ರನ್ನು ಕೇಳಿದೆವು. ನಾನು ಅವರ ಕಾಲನ್ನು ನೋಡದೆ ಕೈಯನ್ನೇ ನೋಡುತ್ತಾ ಹೋದೆ. ಮಂಚದ ತುದಿ, ಬೀರುವಿನ ಅಂಚು, ಬಾಗಿಲ ಚೌಕಟ್ಟು. ಆಮೇಲೆ ನಾಲ್ಕು ಹೆಜ್ಜೆ ಬರಿಗೋಡೆ. ಆ ಗೋಡೆಯ ಬಣ್ಣದ ಮೇಲೆ ಸೊಂಟಕ್ಕಿಂತ ಒಂದು ಗೇಣು ಮೇಲೆ ಉದ್ದಕ್ಕೂ ಕಪ್ಪನೆಯ ಪಟ್ಟೆ. ಎಷ್ಟೋ ರಾತ್ರಿಗಳು ಕೈ ಉಜ್ಜಿದ ಗುರುತು. ಕಮೋಡ್ ಪಕ್ಕದ ಟವೆಲ್ ಕಂಬಿಯ ಒಂದು ಕಡೆಯ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಕೆಳಗೆ ನೆಲದ ಮೇಲೆ ಒಂದು ಚಿಟಿಕೆ ಸಿಮೆಂಟ್ ಪುಡಿ.

ಮಗಳು ಆ ಪಟ್ಟೆಯ ಮೇಲೆ ತಮ್ಮ ಕೈ ಇಟ್ಟು ನೋಡಿದರು. "ಇದನ್ನ ಒರೆಸಿದ್ದೀನಿ ನಾನು. ಎಷ್ಟು ಸಲ ಒರೆಸಿದ್ದೀನಿ," ಎಂದರು.

ಅಲ್ಲೇ, ಆ ಗೋಡೆ ಮುಂದೆಯೇ, ಮೇಷ್ಟ್ರು ಎರಡು ಸಲ ಬಿದ್ದದ್ದನ್ನು ಮಗಳಿಗೆ ಹೇಳಿದರು. ಅದರಲ್ಲಿ ಒಂದು ಸಲ ಎಡವಿದ್ದು ಬಾತ್‌ರೂಮ್ ಬಾಗಿಲ ಮ್ಯಾಟಿನ ಎದ್ದ ಅಂಚಿಗೆ. ಜಾರದಿರಲಿ ಎಂದು ಮಗಳೇ ತಂದು ಹಾಸಿದ ಮ್ಯಾಟು. ಅವರು ಏನೂ ಹೇಳದೆ ಅದನ್ನು ಸುತ್ತಿ ಎತ್ತಿಕೊಂಡು ಹೊರಗೆ ಇಟ್ಟು ಬಂದರು.

ಮುಂದಿನ ಸಲಹೆಯೆಲ್ಲ ಆ ಗೋಡೆಯಿಂದ ಬಂದದ್ದೇ. ಕೈ ಎಲ್ಲಿ ಆಸರೆ ಹುಡುಕುತ್ತಿದೆಯೋ ಅಲ್ಲೇ ಗಟ್ಟಿ ಹಿಡಿಕೆ ಕೊಡಿ. ಗೋಡೆಯ ಉದ್ದಕ್ಕೂ ಕಂಬಿ, ಕಮೋಡ್ ಪಕ್ಕ ಒಂದು, ಸ್ನಾನ ಮಾಡುವ ಜಾಗದಲ್ಲಿ ಒಂದು. ಗೋಡೆಯೊಳಗೆ ಆಳವಾಗಿ ಬೋಲ್ಟ್ ಹೊಡೆದು ಪೂರ್ತಿ ದೇಹದ ಭಾರ ತಡೆಯುವಂತೆ ಕೂರಿಸಿದ್ದೇ ಆಗಬೇಕು. ಟವೆಲ್ ಕಂಬಿ ಟವೆಲ್ ಭಾರಕ್ಕೆ ಮಾಡಿದ್ದು. ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನೂ ನಾನು ನಂಬುವುದಿಲ್ಲ. ಕೈ ಜಗ್ಗಿದ ಹೊತ್ತಿಗೇ ಬಿಟ್ಟುಕೊಳ್ಳಬಹುದು. ಹಿಂಭಾಗ ತೆರೆದಿರುವ ಚಪ್ಪಲಿ ಬದಲು ಹಿಮ್ಮಡಿ ಮುಚ್ಚುವ, ತಳ ಜಾರದ ಪಾದರಕ್ಷೆ. ಸ್ನಾನಕ್ಕೆ ಕೂರುವ ಕುರ್ಚಿ. ಚಿಲಕದ ಜಗಳಕ್ಕೆ ಸುಲಭ ಪರಿಹಾರವಿತ್ತು: ಒಳಗಿಂದ ಹಾಕಬಹುದಾದ, ತುರ್ತಿಗೆ ಹೊರಗಿಂದ ತೆಗೆಯಬಹುದಾದ ಲಾಕ್.

ಲೈಟಿನ ವಿಷಯಕ್ಕೆ, ನಡೆದಾಗ ತಾನಾಗೇ ಹತ್ತಿಕೊಳ್ಳುವ ಮೂರು ಸಣ್ಣ ದೀಪಗಳು, ಕಾಲಿನ ಮಟ್ಟದಲ್ಲಿ. ಮಗಳ ಬಾಗಿಲ ಕಡೆ ಬೆಳಕು ಹೋಗದ ಹಾಗೆ ಜಾಗವನ್ನು ಮೇಷ್ಟ್ರೇ ಆರಿಸಿದರು.

ಎದ್ದಾಗ ಕಣ್ಣು ಮುಚ್ಚಿ ತೆರೆಯುತ್ತಿದ್ದದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನಾನು ಡಾಕ್ಟರ್ ಅಲ್ಲ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅವರ ಡಾಕ್ಟರ್ ಹತ್ತಿರ ಹೋಗಿ, ಮಲಗಿದಾಗ ಒಮ್ಮೆ ನಿಂತಾಗ ಒಮ್ಮೆ ಬಿಪಿ ನೋಡಲು ಕೇಳಿ ಎಂದೆ. ಮಲಗಿದಾಗ ಮೇಲಿನ ಅಂಕಿ 142, ನಿಂತ ಎರಡು ನಿಮಿಷಕ್ಕೆ 116. ನಿಂತ ಮೂರು ನಿಮಿಷದೊಳಗೆ 20 ಅಥವಾ ಹೆಚ್ಚು ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇನ್ನೊಂದು ವಿಷಯವೂ ಹೊರಬಂತು. ಮೂತ್ರ ಜಾಸ್ತಿ ಮಾಡಿಸುವ ಒಂದು ಮಾತ್ರೆಯನ್ನು ಅವರು ಸಂಜೆ ಏಳಕ್ಕೆ ನುಂಗುತ್ತಿದ್ದರು. ಮತ್ತೆ ರಾತ್ರಿ ಮೂರು ಸಲ ಏಳದೆ ಇರುತ್ತಾರಾ? ಡಾಕ್ಟರ್ ಅದನ್ನು ಬೆಳಿಗ್ಗೆಗೆ ಬದಲಿಸಿದರು, ಬಿಪಿಯ ಇನ್ನೊಂದು ಮಾತ್ರೆ ಕಮ್ಮಿ ಮಾಡಿದರು. ಇದನ್ನು ಓದಿ ನೀವಾಗಿಯೇ ಮನೆಯಲ್ಲಿ ಮಾತ್ರೆ ಬದಲಿಸಲು ಹೋಗಬೇಡಿ, ಡಾಕ್ಟರನ್ನು ಕೇಳಿ. ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೆ: ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ.

ಇನ್ನು ಆ ಕುರ್ಚಿ. ಮಗಳಿಗೆ ಹೇಳಲು ಕಷ್ಟವಾದ ಮಾತು ಇದು. ಬೀಳದಿರಲಿ ಎಂದು ಕೂರಿಸಿದ ಐದು ತಿಂಗಳಲ್ಲಿ ತೊಡೆಯ ಶಕ್ತಿ ಇಳಿದು, ಅಪ್ಪ ಬೀಳುವ ಸಾಧ್ಯತೆ ಹೆಚ್ಚಾಗಿತ್ತು. ವಯಸ್ಸಾದ ಮೇಲೆ ಕಾಲಿನ ಸ್ನಾಯು ಬೇಗ ಕರಗುತ್ತದೆ, ಮರಳಿ ಬರುವುದು ನಿಧಾನ. ಭಯಕ್ಕೆ ಓಡಾಟ ಕಮ್ಮಿ, ಓಡಾಟ ಕಮ್ಮಿಯಾದದ್ದಕ್ಕೆ ಬಲ ಕಮ್ಮಿ, ಬಲ ಕಮ್ಮಿಯಾದದ್ದಕ್ಕೆ ಮತ್ತೆ ಭಯ. ಫಿಸಿಯೋ ಒಂದು ಪರೀಕ್ಷೆ ಮಾಡಿದರು. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಮೇಷ್ಟ್ರಿಗೆ 19 ಹಿಡಿಯಿತು.

ವಾರಕ್ಕೆ ಮೂರು ದಿನ ವ್ಯಾಯಾಮ ಎಂದಾಯಿತು. ಕುರ್ಚಿಯಿಂದ ಎದ್ದು ಕೂರುವುದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಒತ್ತಿ ಇಟ್ಟು ಹತ್ತು ಎಣಿಸುವುದು. ನಡೆಯಲು ಕೋಲು, ಕೈ ಜೋತುಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಹಿಡಿ ಬರುವಷ್ಟು ಎತ್ತರ. ಬಲಗಾಲು ನಿತ್ರಾಣವಾಗಿದ್ದರಿಂದ ಕೋಲು ಎಡಗೈಯಲ್ಲಿ. ಇದು ಬಹಳ ಜನರಿಗೆ ಉಲ್ಟಾ ಅನಿಸುತ್ತೆ, ಮೇಷ್ಟ್ರೂ ವಾದ ಮಾಡಿದರು.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಬಿದ್ದ ಮೇಲೆ ಏಳುವ ಅಭ್ಯಾಸ. ದಪ್ಪ ಚಾಪೆ ಹಾಸಿ, ಫಿಸಿಯೋ ಪಕ್ಕದಲ್ಲಿ ನಿಂತು ಮಾಡಿಸಿದರು. ಮೊದಲು ಸುಮ್ನೆ ಮಲಗಿರಿ, ಎಲ್ಲಿ ನೋವಿದೆ ನೋಡಿಕೊಳ್ಳಿ. ಜೋರು ನೋವಿದ್ದರೆ ಅಲುಗಾಡಬೇಡಿ, ಕರೆಯಿರಿ. ಇಲ್ಲದಿದ್ದರೆ ಮಗ್ಗುಲಾಗಿ, ಮೊಣಕೈ ಊರಿ, ಮಂಡಿ ಮೇಲೆ ಬಂದು, ಅಂಬೆಗಾಲಲ್ಲಿ ಕುರ್ಚಿ ತನಕ ಹೋಗಿ, ಅದರ ಮೇಲೆ ಕೈ ಇಟ್ಟು, ಬಲವಿರುವ ಕಾಲನ್ನು ಮುಂದೆ ಊರಿ ಏಳಿ. ಮಗಳು ಬೆನ್ನು ತಿರುಗಿಸಿ ನಿಂತಿದ್ದರು. ಮೂರನೇ ಪ್ರಯತ್ನಕ್ಕೆ ಮೇಷ್ಟ್ರು ಎದ್ದು ಕುರ್ಚಿಯಲ್ಲಿ ಕೂತು, "ತಿರುಗು ಮಗಳೇ," ಎಂದರು. ಒಬ್ಬರೇ ಇರುವ ಹೊತ್ತಿಗೆ ಕುತ್ತಿಗೆಗೆ, ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಒಂದು ಗುಂಡಿಯೂ ಬಂತು. ಸ್ನಾನದಲ್ಲೂ ತೆಗೆಯದ ಹಾಗೆ ನೀರು ತಾಗಿದರೂ ಕೆಡದಂಥದ್ದು.

ಫ್ರಿಜ್ ಮೇಲಿನ ಪಟ್ಟಿ ಇಳಿಯಿತು. ಬದಲಿಗೆ ಇಬ್ಬರ ನಡುವೆ ಒಂದು ಒಪ್ಪಂದ. ಬಿದ್ದರೆ, ಬೀಳುವ ಹಾಗಾದರೂ, ಅಪ್ಪ ಅದೇ ದಿನ ಹೇಳಬೇಕು. ಕೇಳಿದ ಮೇಲೆ ಮಗಳು 24 ಗಂಟೆ ಯಾವ ಹೊಸ ನಿಯಮವನ್ನೂ ಹಾಕುವಂತಿಲ್ಲ. "ಯಾಕೆ ಹೋದೆ?" ಎಂದು ಕೇಳುವಂತಿಲ್ಲ. "ಎಲ್ಲಿ, ಏನು ಹಿಡಿದಿದ್ದೆ, ಕಾಲಿಗೆ ಏನಿತ್ತು?" ಎಂದು ಕೇಳಬಹುದು. ಕ್ಯಾಮೆರಾ ಬೇಡವೆಂದು ಮಗಳೇ ಹೇಳಿದರು. ಅವರ ಎದೆಬಡಿತಕ್ಕೆ ಬೇರೆ ನಾಲ್ಕು ಭೇಟಿ ಬೇಕಾಯಿತು. ಅದು ಅವರ ಕಥೆ, ಇಲ್ಲಿ ಬರೆಯುವುದಿಲ್ಲ.

ಮೂರು ತಿಂಗಳಿಗೆ 19 ಸೆಕೆಂಡ್ 14ಕ್ಕೆ ಇಳಿಯಿತು. ನಡುವೆ ಒಂದು ಸಲ ಪ್ಯಾಂಟ್ ಹಾಕಿಕೊಳ್ಳುವಾಗ ಮೇಷ್ಟ್ರು ಜಾರಿ ಕೂತರು, ಕುರ್ಚಿ ಹಿಡಿದು ತಾವೇ ಎದ್ದರು, ಸಂಜೆ ಮಗಳು ಬಂದ ಕೂಡಲೇ ಹೇಳಿದರು. ಮಗಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಅತ್ತು, ಹೊರಗೆ ಬಂದು ಕೇಳಿದರಂತೆ: "ನಿಂತು ಹಾಕ್ಕೊಳ್ತಿದ್ಯಾ, ಕೂತಾ?" ಈಗ ಕೂತೇ ಹಾಕಿಕೊಳ್ಳುತ್ತಾರೆ.

ಮಹಡಿ ಮೆಟ್ಟಿಲಿನ ಜಗಳ ಮಾತ್ರ ಮುಗಿದಿಲ್ಲ. ಹದಿನಾಲ್ಕು ಮೆಟ್ಟಿಲು, ಒಂದೇ ಕಡೆ ಕಂಬಿ. ಎರಡೂ ಕಡೆ ಕಂಬಿ ಬಂದು, ಮೆಟ್ಟಿಲಂಚಿಗೆ ಎದ್ದು ಕಾಣುವ ಪಟ್ಟಿ ಅಂಟಿಸಿದ ಮೇಲೆ ಯಾರಾದರೂ ಜೊತೆಗಿದ್ದು ಹತ್ತಬಹುದು ಎಂದು ಫಿಸಿಯೋ ಹೇಳಿದ್ದಾರೆ. ಅಲ್ಲಿಯವರೆಗೆ ಕುಂಡಗಳನ್ನು ಕೆಳಗೆ ತರೋಣ ಅಂತ ಮಗಳು. ಬಿಸಿಲು ಇರೋದೇ ಮೇಲೆ ಅಂತ ಅಪ್ಪ. ಕಳೆದ ಭೇಟಿಯಲ್ಲಿ ಮುಕ್ಕಾಲು ಗಂಟೆ ಇದೇ ಆಯ್ತು. ಇಬ್ಬರೂ ದನಿ ಏರಿಸಿದರು. ನಾನು ನಡುವೆ ಬಾಯಿ ಹಾಕಲಿಲ್ಲ.